ಮುಂಗಡ ಫೀ ಕಟ್ಟಿದ ಕ್ಲಾಸಿಗೆ ಹೋಗಲಾಗದಿದ್ದರೆ: ಉಳಿದ ಹಣ ವಾಪಸ್ ಪಡೆಯುವ ಸಮಗ್ರ ಮಾರ್ಗದರ್ಶಿ

ಜೂನ್‌ನಲ್ಲಿ ವರ್ಷದ ಫೀ ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ. ಆಗಸ್ಟ್ ಹೊತ್ತಿಗೆ ಕ್ಲಾಸಿಗೆ ಹೋಗಲಾಗದ ಪರಿಸ್ಥಿತಿ ಬಂದಿರುತ್ತದೆ. ಕೈಗಾದಿಂದಲೋ ಅರಗಾದ ನೌಕಾನೆಲೆಯಿಂದಲೋ ತಂದೆಗೆ ವರ್ಗವಾಗುತ್ತದೆ, ಮಗುವಿಗೆ ಟೈಫಾಯ್ಡ್ ಹಿಡಿಯುತ್ತದೆ, ಕೌನ್ಸೆಲಿಂಗ್‌ನಲ್ಲಿ ಬೇರೆ ಊರಿನ ಸೀಟು ಸಿಗುತ್ತದೆ, ಇಲ್ಲವೇ ರಸ್ತೆಯೇ ಮುಚ್ಚಿಹೋಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದ್ ಆದಾಗ, ಕುಮಟಾ ಕಡೆಯಿಂದ ಕಾರವಾರಕ್ಕೆ ಹೋಗುವ ದಾರಿಯೇ ಕಡಿದುಬಿದ್ದಿತ್ತು.

ಫೀ ವಾಪಸ್ ಕೇಳಿದರೆ ಕೌಂಟರಿನಲ್ಲಿ ಸಿಗುವ ಉತ್ತರ ಒಂದೇ: "ಒಮ್ಮೆ ಕಟ್ಟಿದ್ದು ಕಟ್ಟಿದ್ದೇ, ರಸೀದಿ ಹಿಂದೆ ಬರೆದಿದೆ ನೋಡಿ." ಕಾನೂನಿನ ಕಣ್ಣಲ್ಲಿ ಅದು ಕೊನೆಯ ಮಾತಲ್ಲ. ಹಾಗೆಂದು ಕಟ್ಟಿದ್ದೆಲ್ಲ ಬಂದೇ ಬರುತ್ತದೆ ಎಂದುಕೊಳ್ಳುವುದೂ ಬೇಡ. ಬರುವುದು ನಡೆಯದೆ ಉಳಿದ ಪಾಠದ ಹಣ. ಅದು ಎಷ್ಟು ಎಂಬುದು ಬಹುಪಾಲು ನಿಂತಿರುವುದು ನೀವು 'ಇನ್ನು ಬರುವುದಿಲ್ಲ' ಎಂದು ಬರೆದುಕೊಟ್ಟ ದಿನಾಂಕದ ಮೇಲೆ. ಇವತ್ತು ಒಂದೇ ಕೆಲಸ ಮಾಡಲು ಪುರುಸೊತ್ತಿದ್ದರೆ ಆ ಪತ್ರ ಕೊಡಿ. ಮಿಕ್ಕಿದ್ದನ್ನು ನಾಳೆ ಓದಿದರೂ ನಡೆಯುತ್ತದೆ.

ಕ್ಲಾಸು ಬಿಟ್ಟಿದ್ದು ಯಾರ ಕಾರಣಕ್ಕೆ?

ಮೊದಲು ಇದನ್ನು ಪ್ರಾಮಾಣಿಕವಾಗಿ ತೀರ್ಮಾನಿಸಿಕೊಳ್ಳಿ. ಎಲ್ಲ ಪ್ರಕರಣಗಳಿಗೂ ಒಂದೇ ತೂಕವಿಲ್ಲ.

ಕಾರಣ ಸಂಸ್ಥೆಯದ್ದಾಗಿದ್ದರೆ ನಿಮ್ಮ ಕೈ ಮೇಲು. ಜಾಹೀರಾತಿನಲ್ಲಿ ತೋರಿಸಿದ ಶಿಕ್ಷಕರು ಬರಲೇ ಇಲ್ಲ, 30 ಮಕ್ಕಳ ಬ್ಯಾಚು ಎಂದು 70 ಜನರನ್ನು ತುಂಬಿದರು, ಶಿರಸಿಯ ಶಾಖೆ ಮುಚ್ಚಿ "ಹುಬ್ಬಳ್ಳಿಗೆ ಬನ್ನಿ, ಇಲ್ಲಾಂದ್ರೆ ಆನ್‌ಲೈನ್ ನೋಡಿ" ಎಂದರು. ಇವೆಲ್ಲ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವಾ ನ್ಯೂನತೆ. ನ್ಯೂನತೆಯ ಸೇವೆಗೆ ಹಣ ಹಿಂತಿರುಗಿಸಲು ರಸೀದಿಯಲ್ಲಿ ಹೇಳಿದ ಅವಧಿ, ಅಲ್ಲಿ ಏನೂ ಹೇಳಿರದಿದ್ದರೆ 30 ದಿನ, ದಾಟಿದರೆ ಅದು ಅನುಚಿತ ವ್ಯಾಪಾರ ಪದ್ಧತಿ ಎಂದು ಕಲಂ 2(47) ಹೇಳುತ್ತದೆ.

ಕಾಯಿಲೆ, ವರ್ಗಾವಣೆ, ರಸ್ತೆ ಬಂದ್ ಮುಂತಾದವು ನಿಮ್ಮ ಕಡೆಯ ಕಾರಣಗಳು, ಆದರೆ ನಿಮ್ಮ ಕೈ ಮೀರಿದವು. ಇಲ್ಲಿ ಸಂಸ್ಥೆ ತಪ್ಪು ಮಾಡಿದೆ ಎಂದು ಕೂಗಾಡಬೇಡಿ. ಕೊಡದ ಪಾಠಕ್ಕೆ ಹಣ ಇಟ್ಟುಕೊಳ್ಳುವುದು ತಪ್ಪು ಎಂಬಷ್ಟೇ ನಿಮ್ಮ ವಾದವಾಗಿರಲಿ. ಅದು ನಿಲ್ಲುವ ವಾದ.

ಮೂರನೆಯದು, ಮನಸ್ಸು ಬದಲಾದದ್ದು. ಮಗನಿಗೆ ನೀಟ್ ಬೇಡವಾಯಿತು, ಜಿಮ್ ಎರಡೇ ವಾರಕ್ಕೆ ಬೇಸರವಾಯಿತು. ಜಿಮ್, ನೃತ್ಯದಂಥವಕ್ಕೆ ಇದು ದುರ್ಬಲ ಪ್ರಕರಣ. ಕೋಚಿಂಗ್‌ಗೆ ಮಾತ್ರ ಒಂದು ಆಸರೆ ಇದೆ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಕೋಚಿಂಗ್ ಕೇಂದ್ರಗಳ ಮಾರ್ಗಸೂಚಿಯಲ್ಲಿ, ಪೂರ್ತಿ ಫೀ ಕಟ್ಟಿದ ವಿದ್ಯಾರ್ಥಿ ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಹಣವನ್ನು ಅನುಪಾತಕ್ಕೆ ತಕ್ಕಂತೆ 10 ದಿನದೊಳಗೆ ಮರಳಿಸಬೇಕು ಎಂದಿದೆ. ಅದೇ ಸಂಸ್ಥೆಯ ಹಾಸ್ಟೆಲಿನಲ್ಲಿದ್ದರೆ ಹಾಸ್ಟೆಲ್, ಮೆಸ್ ಹಣಕ್ಕೂ ಇದೇ ಲೆಕ್ಕ. ಯಾಕೆ ಬಿಟ್ಟಿರಿ ಎಂದು ಅದು ಕೇಳುವುದಿಲ್ಲ. ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾರ್ಗಸೂಚಿ, ಸಂಸತ್ತು ಮಾಡಿದ ಕಾಯ್ದೆಯಲ್ಲ. ಅನ್ವಯವಾಗುವುದೂ 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳಿಗೆ. ಆದ್ದರಿಂದ ನಿಮ್ಮ ನೋಟಿಸಿನಲ್ಲಿ ಅದನ್ನು 'ನ್ಯಾಯವಾದ ಪದ್ಧತಿ ಏನೆಂದು ಸರ್ಕಾರವೇ ಹೇಳಿದೆ' ಎಂಬ ಸಾಕ್ಷಿಯಾಗಿ ಬಳಸಿ. ಅದೊಂದನ್ನೇ ನೆಚ್ಚಿ ಕೂರಬೇಡಿ.

ಶಾಲೆ, ಕಾಲೇಜಿನ ಫೀ ಬೇರೆಯೇ ಕತೆ. ಶಿಕ್ಷಣ ಸಂಸ್ಥೆಗಳ ಬೋಧನೆ ಗ್ರಾಹಕ ಕಾಯ್ದೆಯ ಅಡಿ ಬರುವುದಿಲ್ಲವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಜನವರಿಯಲ್ಲಿ ಮನು ಸೋಲಂಕಿ ಪ್ರಕರಣದಲ್ಲಿ ಹೇಳಿತು. ಅದೇ ತೀರ್ಪು ಕೋಚಿಂಗ್ ಸಂಸ್ಥೆಗಳು ಮಾತ್ರ ಕಾಯ್ದೆಯೊಳಗೇ ಬರುತ್ತವೆ ಎಂದೂ ಸ್ಪಷ್ಟಪಡಿಸಿತು. ಕರಾವಳಿಯ ಮಕ್ಕಳು ದಕ್ಷಿಣ ಕನ್ನಡದ ಕಡೆ ಪಿಯುಸಿಗೆ ಹೋಗುವಾಗ ಸಿಗುವ 'ಇಂಟಿಗ್ರೇಟೆಡ್ ಕೋಚಿಂಗ್' ವ್ಯವಸ್ಥೆಯಲ್ಲಿ ಈ ವ್ಯತ್ಯಾಸ ಬಹಳ ಮುಖ್ಯ. ಕಾಲೇಜು ಫೀಗೆ ಒಂದು ರಸೀದಿ, ಕೋಚಿಂಗ್‌ಗೆ ಒಂದು ರಸೀದಿ ಕೇಳಿ ಪಡೆದವರು ಎರಡನೆಯದಕ್ಕೆ ಹೋರಾಡಬಹುದು. ಎರಡನ್ನೂ ಸೇರಿಸಿ ಒಂದೇ ಮೊತ್ತ ಬರೆಸಿಕೊಂಡವರಿಗೆ ಆ ದಾರಿ ಕಡಿದಾಗುತ್ತದೆ.

ಪತ್ರ ಕೊಡುವ ಮೊದಲಿನ ಅರ್ಧ ಗಂಟೆ

ಪತ್ರ ಇವತ್ತೇ ಕೊಡಿ ಎಂದೆವು. ಅದಕ್ಕೂ ಅರ್ಧ ಗಂಟೆ ಮೊದಲು ಫೋನ್ ಕೈಗೆತ್ತಿಕೊಳ್ಳಿ. ಪತ್ರ ತಲುಪಿದ ಸಂಜೆಗೇ ನಿಮ್ಮನ್ನು ವಾಟ್ಸಾಪ್ ಗುಂಪಿನಿಂದ ತೆಗೆಯಬಹುದು, ಸಂಸ್ಥೆಯ ಆ್ಯಪ್‌ನ ಲಾಗಿನ್ ಮುಚ್ಚಬಹುದು. ಹಾಜರಿ, ವೇಳಾಪಟ್ಟಿ, 'ಇಂದು ಕ್ಲಾಸ್ ಇಲ್ಲ' ಎಂಬ ಸಂದೇಶಗಳು ಎಲ್ಲ ಅಲ್ಲೇ ಇರುತ್ತವೆ.

ಆ್ಯಪ್‌ನ ಹಾಜರಿ ಪುಟ, ಫೀ ಪುಟ, ಕೋರ್ಸಿನ ವಿವರದ ಪುಟಗಳ ಸ್ಕ್ರೀನ್‌ಶಾಟ್ ತೆಗೆಯಿರಿ, ಮೇಲೆ ದಿನಾಂಕ ಕಾಣುವಂತಿರಲಿ. ವಾಟ್ಸಾಪ್ ಗುಂಪಿನ ಮಾತುಕತೆಯನ್ನು ಎಕ್ಸ್‌ಪೋರ್ಟ್ ಮಾಡಿ ನಿಮ್ಮದೇ ಇಮೇಲಿಗೆ ಕಳಿಸಿಕೊಳ್ಳಿ. ಕರಪತ್ರ, ಫ್ಲೆಕ್ಸ್‌ನ ಫೋಟೊ ಇದ್ದರೆ ಅದನ್ನೂ ಎತ್ತಿಡಿ. ಪ್ರವೇಶದ ಅರ್ಜಿಗೆ ಸಹಿ ಹಾಕಿದ್ದರೆ ಅದರ ಪ್ರತಿಯನ್ನು ಈಗಲೇ, ಜಗಳ ಶುರುವಾಗುವ ಮೊದಲೇ, ಕೇಳಿ ಪಡೆಯಿರಿ. ನಗದು ಕಟ್ಟಿ ರಸೀದಿ ಸಿಗದಿದ್ದರೆ, 'ನಿನ್ನೆ ಕಟ್ಟಿದ 15,000ಕ್ಕೆ ರಸೀದಿ ಕೊಡಿ' ಎಂದು ಒಂದು ಸಂದೇಶ ಹಾಕಿ. 'ಆಯ್ತು, ನಾಳೆ ಕೊಡ್ತೇವೆ' ಎಂದು ಉತ್ತರ ಬಂದರೆ ಅದೇ ರಸೀದಿಯ ಕೆಲಸ ಮಾಡುತ್ತದೆ. ಬಿಲ್ಲು, ರಸೀದಿ ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಯಲ್ಲಿದೆ.

ಇನ್ನೊಂದು ಕೆಲಸ: ರಸೀದಿಯ ಮೇಲಿನ ಜಿಎಸ್‌ಟಿ ಸಂಖ್ಯೆ ನೋಡಿ. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ಸಂಖ್ಯೆ ಹಾಕಿದರೆ ಬೋರ್ಡಿನ ಹೆಸರಿನ ಹಿಂದಿರುವ ಕಾನೂನುಬದ್ಧ ಹೆಸರು ಸಿಗುತ್ತದೆ. ಫ್ರಾಂಚೈಸಿ ಶಾಖೆಗಳಲ್ಲಿ ಬೋರ್ಡು ಒಬ್ಬರದ್ದು, ಹಣ ಹೋಗುವ ಖಾತೆ ಇನ್ನೊಬ್ಬರದ್ದು. ಮುಂದೆ ದೂರು ಕೊಡುವಾಗ ತಪ್ಪು ಹೆಸರಿಗೆ ನೋಟಿಸ್ ಹೋದರೆ ತಿಂಗಳುಗಳು ವ್ಯರ್ಥ.

ಬಿಡುವ ಪತ್ರ

ಒಂದೇ ಪುಟ ಸಾಕು. ಸಿಟ್ಟಿನ ಮಾತು ಬೇಡ, ಶಿಕ್ಷಕರ ಬಗ್ಗೆ ಟೀಕೆ ಬೇಡ. ಹೀಗೆ ಬರೆಯಬಹುದು:

"ಮಾನ್ಯರೇ, ನನ್ನ ಮಗಳು (ಹೆಸರು, ನೋಂದಣಿ ಸಂಖ್ಯೆ, ಬ್ಯಾಚು) ನಿಮ್ಮಲ್ಲಿ ಸೇರಿದ್ದು (ದಿನಾಂಕ). ಕಟ್ಟಿದ ಮೊತ್ತ (ರೂ.), ರಸೀದಿ ಸಂಖ್ಯೆ (…). ನನಗೆ ಬೇರೆ ಜಿಲ್ಲೆಗೆ ವರ್ಗವಾಗಿರುವುದರಿಂದ ಇಂದು, (ದಿನಾಂಕ)ದಿಂದ, ಅವಳು ಕ್ಲಾಸಿಗೆ ಬರುವುದಿಲ್ಲ. ಆ ಸೀಟನ್ನು ಬೇರೆಯವರಿಗೆ ಕೊಡಲು ನನ್ನ ಅಭ್ಯಂತರವಿಲ್ಲ. ಇಂದಿನವರೆಗೆ ನಡೆದ ಕ್ಲಾಸುಗಳ ಹಣ ಕಳೆದು ಉಳಿದದ್ದನ್ನು ಕೆಳಗಿನ ಬ್ಯಾಂಕ್ ಖಾತೆಗೆ 10 ದಿನದೊಳಗೆ ಜಮಾ ಮಾಡಬೇಕಾಗಿ ಕೋರಿಕೆ. ವರ್ಗಾವಣೆ ಆದೇಶದ ಪ್ರತಿ ಲಗತ್ತಿಸಿದೆ."

'ಸೀಟನ್ನು ಬೇರೆಯವರಿಗೆ ಕೊಡಲು ಅಭ್ಯಂತರವಿಲ್ಲ' ಎಂಬ ಸಾಲು ಬಿಡಬೇಡಿ. ನೀವು ಬಿಟ್ಟದ್ದರಿಂದ ವರ್ಷವಿಡೀ ಸೀಟು ಖಾಲಿ ಬಿದ್ದು ನಷ್ಟವಾಯಿತೆಂದು ಸಂಸ್ಥೆ ಮುಂದೆ ಹೇಳಲಿಕ್ಕಿದೆ. ಆ ವಾದವನ್ನು ಈ ಸಾಲು ಅರ್ಧ ತಿನ್ನುತ್ತದೆ.

ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. "ಸರ್ ಇಲ್ಲ, ಸೋಮವಾರ ಬನ್ನಿ" ಎಂದರೆ ಸೋಮವಾರದ ತನಕ ಕಾಯಬೇಡಿ. ಅದೇ ದಿನ ಇಮೇಲ್ ಮಾಡಿ, ವಾಟ್ಸಾಪಿನಲ್ಲಿ ಪತ್ರದ ಫೋಟೊ ಹಾಕಿ, ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಕಳಿಸಿ. ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೇ ಸೇರಿಹೋಗಿದೆ. ತಲುಪಿದ ವಿವರವನ್ನು ಅಂಚೆ ಇಲಾಖೆಯ ಜಾಲತಾಣದಲ್ಲಿ ಕಂಡ ಕೂಡಲೇ ಮುದ್ರಿಸಿಟ್ಟುಕೊಳ್ಳಿ.

ಹೆಚ್ಚಿನವರು ಎಡವುವುದು ಇಲ್ಲೇ. ಕ್ಲಾಸಿಗೆ ಹೋಗುವುದನ್ನು ಸುಮ್ಮನೆ ನಿಲ್ಲಿಸುತ್ತಾರೆ, ಫೋನಿನಲ್ಲಿ ಎರಡು ಸಲ ಮಾತಾಡುತ್ತಾರೆ, ನಾಲ್ಕು ತಿಂಗಳಾದ ಮೇಲೆ ಹಣ ಕೇಳುತ್ತಾರೆ. ಆ ನಾಲ್ಕು ತಿಂಗಳೂ ನಿಮ್ಮ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಸೀಟು ನಿಮಗೇ ಮೀಸಲಿತ್ತು. ಆ ಅವಧಿಯ ಹಣ ಬರುವುದು ಕಷ್ಟ. ಮಗು ಆಸ್ಪತ್ರೆಯಲ್ಲಿದ್ದರಂತೂ ಪತ್ರದ ನೆನಪು ಬರುವುದಿಲ್ಲ, ನಿಜ. ಆಗ ಕನಿಷ್ಠ ಒಂದು ಸಂದೇಶ: "ಜ್ವರದಿಂದ ಆಸ್ಪತ್ರೆಗೆ ಸೇರಿಸಿದ್ದೇವೆ, ಮುಂದೆ ತಿಳಿಸುವವರೆಗೆ ಬರುವುದಿಲ್ಲ." ಆಮೇಲೆ ಡಿಸ್ಚಾರ್ಜ್ ಸಾರಾಂಶದೊಂದಿಗೆ ಪೂರ್ಣ ಪತ್ರ.

ಲೆಕ್ಕ ನೀವೇ ಮಾಡಿ

ಲೆಕ್ಕವನ್ನು ಸಂಸ್ಥೆಗೆ ಬಿಟ್ಟರೆ ಬರುವ ಉತ್ತರ ಸೊನ್ನೆ, ಇಲ್ಲವೇ 'ಮ್ಯಾನೇಜ್ಮೆಂಟ್ ಜೊತೆ ಮಾತಾಡಿ ಹೇಳ್ತೇವೆ'. ನೀವೇ ಲೆಕ್ಕ ಬರೆದುಕೊಟ್ಟರೆ ಚರ್ಚೆ ಅಂಕಿಯ ಮೇಲೆ ನಡೆಯುತ್ತದೆ.

ಒಂದು ಉದಾಹರಣೆ. ಶಿರಸಿಯಲ್ಲಿ ನೀಟ್ ಕೋಚಿಂಗ್, ಜೂನ್‌ನಿಂದ ಮಾರ್ಚ್‌ವರೆಗೆ 10 ತಿಂಗಳು, ಒಟ್ಟು 200 ಕ್ಲಾಸು ಎಂದು ಕರಪತ್ರದಲ್ಲಿದೆ. ರಸೀದಿ 47,200 ರೂಪಾಯಿಯದು: ಫೀ 40,000, ಅದರ ಮೇಲೆ ಶೇ. 18 ಜಿಎಸ್‌ಟಿ 7,200. ಪತ್ರ ಕೊಟ್ಟದ್ದು ಆಗಸ್ಟ್ 15ರ ಹೊತ್ತಿಗೆ. ವೇಳಾಪಟ್ಟಿಯಂತೆ ಅಷ್ಟರಲ್ಲಿ 60 ಕ್ಲಾಸು ಆಗಬೇಕಿತ್ತು. ಆದರೆ ಜುಲೈನ ಮಳೆಗೆ ಜಿಲ್ಲಾಧಿಕಾರಿ ರಜೆ ಕೊಟ್ಟ ದಿನಗಳಲ್ಲಿ ಕೋಚಿಂಗೂ ಮುಚ್ಚಿತ್ತು. ಅಂಥವು 12. ಅಂದರೆ ನಿಜವಾಗಿ ನಡೆದದ್ದು 48.

ನಡೆದ ಕ್ಲಾಸಿನ ಲೆಕ್ಕ: ಉಳಿದದ್ದು 152, ಅಂದರೆ ಶೇ. 76. ಫೀಯಲ್ಲಿ 30,400, ಜಿಎಸ್‌ಟಿಯಲ್ಲಿ 5,472, ಒಟ್ಟು 35,872 ರೂಪಾಯಿ.

ತಿಂಗಳ ಲೆಕ್ಕ: ಎರಡೂವರೆ ತಿಂಗಳು ಮುಗಿದು ಏಳೂವರೆ ಉಳಿಯಿತು, ಶೇ. 75. ಒಟ್ಟು 35,400.

ಸಂಸ್ಥೆಯ ಲೆಕ್ಕ: ವೇಳಾಪಟ್ಟಿಯ 60 ಕ್ಲಾಸೂ ನಡೆದವೆಂದು ಹಿಡಿದು ಉಳಿದದ್ದು 140, ಶೇ. 70. ಒಟ್ಟು 33,040.

ಮೊದಲನೆಯದಕ್ಕೂ ಕೊನೆಯದಕ್ಕೂ 2,832 ರೂಪಾಯಿ ಅಂತರ. ಅದು ಪೂರ್ತಿ ಮಳೆರಜೆಯ ಹಣ. 'ನಾಳೆ ಕ್ಲಾಸ್ ಇಲ್ಲ' ಎಂಬ ಆ ಹನ್ನೆರಡು ಸಂದೇಶಗಳನ್ನು ತೆಗೆದಿಡಿ ಎಂದದ್ದು ಇದಕ್ಕೇ. ಆ ಕ್ಲಾಸುಗಳನ್ನು ಭಾನುವಾರ ತುಂಬಿಕೊಟ್ಟಿದ್ದರೆ ಮಾತ್ರ ಲೆಕ್ಕಕ್ಕೆ ಸೇರಿಸಿ. ಶಿರಸಿ ಮಾರಿಕಾಂಬಾ ಜಾತ್ರೆಯ ವಾರಕ್ಕೂ ಇದೇ ನಿಯಮ.

ಗಮನಿಸಿ: ಎಣಿಸಬೇಕಾದದ್ದು ನಡೆದ ಕ್ಲಾಸು, ನೀವು ಕೂತ ಕ್ಲಾಸಲ್ಲ. 48ರಲ್ಲಿ ನಿಮ್ಮ ಮಗ 31ಕ್ಕೆ ಮಾತ್ರ ಹೋಗಿದ್ದರೂ 48 ಎಂದೇ ಬರೆಯಿರಿ. 31 ಎಂದು ಬರೆದರೆ ನಾಲ್ಕು ಸಾವಿರ ಹೆಚ್ಚು ಕೇಳಲು ಹೋಗಿ ಇಡೀ ಲೆಕ್ಕದ ನಂಬಿಕೆ ಕೆಡುತ್ತದೆ.

ಸಂಸ್ಥೆ ಕಡಿತ ಹಾಕುವುದು ಮೂರು ಹೆಸರಿನಲ್ಲಿ. ನೋಂದಣಿ ಶುಲ್ಕ: ಬೇರೆಯಾಗಿ ನಮೂದಿಸಿದ್ದು ಸಣ್ಣ ಮೊತ್ತವಾಗಿದ್ದರೆ ಬಿಟ್ಟುಬಿಡಿ. ಪುಸ್ತಕ, ನೋಟ್ಸ್: ಮೇಲೆ ಹೇಳಿದ ಮಾರ್ಗಸೂಚಿಯಂತೆ ನೋಟ್ಸಿಗೆ ಬೇರೆ ಹಣ ತೆಗೆದುಕೊಳ್ಳುವಂತಿಲ್ಲ, ಆದರೂ ಬಳಸದ ಪುಸ್ತಕಗಳನ್ನು ವಾಪಸ್ ಕೊಡಲು ತಯಾರಿರಿ. ಜಿಎಸ್‌ಟಿ: "ಸರ್ಕಾರಕ್ಕೆ ಕಟ್ಟಿಯಾಯಿತು, ಅದು ಬರಲ್ಲ" ಎನ್ನುತ್ತಾರೆ. ಕ್ರೆಡಿಟ್ ನೋಟ್ (ಮೊದಲಿನ ಬಿಲ್ಲಿನ ಮೊತ್ತ ಇಳಿಸುವ ಚೀಟಿ) ಹೊರಡಿಸಿ ತೆರಿಗೆ ಸರಿಪಡಿಸಿಕೊಳ್ಳಲು ಜಿಎಸ್‌ಟಿ ಕಾಯ್ದೆಯ ಕಲಂ 34ರಲ್ಲಿ ಅವಕಾಶವಿದೆ, ಆ ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30ರ ತನಕ. ಈ ತಾರೀಖನ್ನು ಪತ್ರದಲ್ಲೇ ಬರೆಯಿರಿ, ಅವರ ಲೆಕ್ಕಿಗರಿಗೆ ತಕ್ಷಣ ಅರ್ಥವಾಗುತ್ತದೆ.

ಪ್ಯಾಕೇಜ್ ತರಗತಿಗಳಲ್ಲಿ ಇನ್ನೊಂದು ಚಮತ್ಕಾರ ಇದೆ. 10 ಯೋಗ ತರಗತಿಗೆ 3,000 ಕಟ್ಟಿದ್ದೀರಿ, 4 ಮುಗಿದಿದೆ. ನಿಮ್ಮ ಲೆಕ್ಕಕ್ಕೆ 1,800 ಬರಬೇಕು. ಅವರು "ಪ್ಯಾಕೇಜ್ ಮುರಿದರೆ ಬಿಡಿ ತರಗತಿಗೆ 400" ಎಂದು 1,600 ಹಿಡಿದು 1,400 ಕೊಡುತ್ತಾರೆ. ಬಿಡಿ ದರ ಸೇರುವಾಗಲೇ ಬರಹದಲ್ಲಿದ್ದರೆ ಅವರು ಹೇಳುವುದರಲ್ಲಿ ಅರ್ಥವಿದೆ. ಈಗ ಹುಟ್ಟಿಕೊಂಡ ದರವಾದರೆ ಒಪ್ಪಬೇಡಿ.

ರಸೀದಿಯ ಹಿಂದಿನ ಸಣ್ಣಕ್ಷರ

'ಫೀ ಹಿಂತಿರುಗಿಸಲಾಗದು' ಎಂಬ ಸಾಲಿಗೆ ನೀವು ಸಹಿ ಹಾಕಿದ್ದರೂ ಕತೆ ಮುಗಿಯುವುದಿಲ್ಲ. 1872ರ ಕರಾರು ಕಾಯ್ದೆಯ ಕಲಂ 74ರಂತೆ ಕರಾರು ಮುರಿದವರಿಂದ ಪಡೆಯಬಹುದಾದದ್ದು ನ್ಯಾಯವಾದ ಪರಿಹಾರ ಮಾತ್ರ. ನಷ್ಟವೇ ಇಲ್ಲದೆ ಮುಂಗಡ ನುಂಗುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಕೈಲಾಶ್ ನಾಥ್ ಪ್ರಕರಣದಲ್ಲಿ ಹೇಳಿದೆ. ನಮ್ಮದೇ ರಾಜ್ಯದಿಂದ ಹೋದ ಇಸ್ಲಾಮಿಕ್ ಅಕಾಡೆಮಿ ಪ್ರಕರಣದಲ್ಲಿ, 2003ರಲ್ಲಿ, ಶಿಕ್ಷಣ ಸಂಸ್ಥೆಗಳು ಒಂದು ಸೆಮಿಸ್ಟರ್ ಅಥವಾ ಒಂದು ವರ್ಷದ ಫೀ ಮಾತ್ರ ಮುಂಗಡ ಪಡೆಯಬಹುದು ಎಂದಿತ್ತು. ಎರಡು ವರ್ಷದ್ದನ್ನು ಒಮ್ಮೆಗೇ ಬಾಚಿಕೊಂಡ ಕೋಚಿಂಗ್ ಸಂಸ್ಥೆಗಳ ವಿರುದ್ಧ ಗ್ರಾಹಕ ಆಯೋಗಗಳಲ್ಲಿ ಇದೇ ತತ್ವ ಎತ್ತಿಹಿಡಿಯುತ್ತಾರೆ.

'ವ್ಯಾಜ್ಯಗಳು ಬೆಂಗಳೂರು ನ್ಯಾಯಾಲಯಕ್ಕೆ ಮಾತ್ರ ಒಳಪಟ್ಟಿವೆ' ಎಂಬ ಸಾಲಿಗೂ ಹೆದರಬೇಡಿ. ಗ್ರಾಹಕ ಕಾಯ್ದೆಯ ಕಲಂ 34ರಂತೆ ದೂರುದಾರ ವಾಸಿಸುವ ಅಥವಾ ದುಡಿಯುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ಸಿದ್ದಾಪುರದಲ್ಲಿ ಕೂತು ಬೆಂಗಳೂರಿನ ಆನ್‌ಲೈನ್ ಕಂಪನಿಯ ಮೇಲೆ ನಮ್ಮ ಜಿಲ್ಲಾ ಆಯೋಗವಿರುವ ಕಾರವಾರದಲ್ಲಿ ದೂರು ಹಾಕಬಹುದು.

'ಸೊನ್ನೆ ಬಡ್ಡಿ ಕಂತು' ಎಂಬ ಸಾಲ

ಆನ್‌ಲೈನ್ ಕೋರ್ಸುಗಳಲ್ಲಿ ತಿಂಗಳ ಕಂತು ಎಂದು ಹೇಳಿದ್ದು ಬಹುತೇಕ ಸಾಲವೇ ಆಗಿರುತ್ತದೆ. ಕಂಪನಿಗೆ ಪೂರ್ತಿ ಹಣ ಮೊದಲ ದಿನವೇ ಸಂದಾಯವಾಗಿರುತ್ತದೆ, ನೀವು ತೀರಿಸುತ್ತಿರುವುದು ಹಣಕಾಸು ಸಂಸ್ಥೆಯ ಸಾಲವನ್ನು. ಕೋರ್ಸು ಬಿಟ್ಟೆವೆಂದು ಆಟೊಪೇ ರದ್ದು ಮಾಡಿ ಕೂತರೆ ಸಿಬಿಲ್ ಅಂಕ (ಮುಂದೆ ಸಾಲ ಕೊಡುವವರು ನೋಡುವ ಅಂಕ) ಬೀಳುತ್ತದೆ, ವಸೂಲಿಯವರ ಫೋನು ಶುರುವಾಗುತ್ತದೆ, ಕೋರ್ಸಿನ ಕಂಪನಿಗೆ ಏನೂ ಆಗುವುದಿಲ್ಲ.

ಸಾಲದ ಮುಖ್ಯ ವಿವರಗಳ ಹಾಳೆ ನಿಮ್ಮ ಇಮೇಲಿನಲ್ಲಿರುತ್ತದೆ. ಡಿಜಿಟಲ್ ಸಾಲಕ್ಕೆ ದಂಡವಿಲ್ಲದೆ ಹೊರಬರುವ 'ಕೂಲಿಂಗ್ ಆಫ್' ಅವಧಿ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ, ಆ ಅವಧಿ ಎಷ್ಟು ಎಂಬುದು ಆ ಹಾಳೆಯಲ್ಲಿ ಇರಬೇಕು. ಅದು ದಿನಗಳ ಲೆಕ್ಕದ್ದು, ವಾರಗಳದ್ದಲ್ಲ. ಆದ್ದರಿಂದ ಡೆಮೊ ತೋರಿಸಿ ಸಹಿ ಮಾಡಿಸಿಕೊಂಡು ಹೋದ ರಾತ್ರಿಯೇ ಓದಿ. ಅದು ದಾಟಿದ್ದರೆ ಬಿಡುವ ಪತ್ರದ ಪ್ರತಿಯನ್ನು ಸಾಲ ಕೊಟ್ಟವರಿಗೂ ಕಳಿಸಿ, ಉಳಿಕೆ ಹಣವನ್ನು ನೇರ ಸಾಲದ ಖಾತೆಗೆ ಕಟ್ಟುವಂತೆ ಕೋರ್ಸಿನ ಕಂಪನಿಗೆ ಬರೆಯಿರಿ. ವಿವಾದ ಮುಗಿಯುವ ತನಕ ಕಂತು ಕಟ್ಟುತ್ತಿರಿ, ಅದನ್ನು ಆಮೇಲೆ ವಸೂಲಿ ಮಾಡಬಹುದು. ಸಾಲ ಮುಗಿದ ಮೇಲೆ ಬಾಕಿ ಇಲ್ಲವೆಂಬ ಪತ್ರ ಪಡೆಯಲು ಮರೆಯಬೇಡಿ. ಸಾಲ ಕೊಟ್ಟವರು 30 ದಿನದಲ್ಲಿ ಸರಿಯಾದ ಉತ್ತರ ಕೊಡದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು, ಮಾಹಿತಿಗೆ 14448.

1915, ಆಮೇಲೆ ನೋಟಿಸ್

ಪತ್ರಕ್ಕೆ 10 ದಿನದಲ್ಲಿ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲಿ ಮಾತಾಡಬಹುದು. ವಾಟ್ಸಾಪ್‌ಗೆ 8800001915. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಇದು ನ್ಯಾಯಾಲಯವಲ್ಲ, ದೂರನ್ನು ಸಂಸ್ಥೆಗೆ ದಾಟಿಸಿ ಉತ್ತರ ಕೇಳುವ ವ್ಯವಸ್ಥೆ. ದೊಡ್ಡ ಹೆಸರಿನ ಕೋಚಿಂಗ್, ಆನ್‌ಲೈನ್ ಕಂಪನಿಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. 600ಕ್ಕೂ ಹೆಚ್ಚು ಕೋಚಿಂಗ್ ಅಭ್ಯರ್ಥಿಗಳಿಗೆ 1.56 ಕೋಟಿ ರೂಪಾಯಿ ಈ ದಾರಿಯಲ್ಲೇ ವಾಪಸ್ ಕೊಡಿಸಿದ್ದಾಗಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2025ರಲ್ಲಿ ಹೇಳಿತ್ತು. ಊರಿನ ಸಣ್ಣ ಸಂಸ್ಥೆಗಳು ಆ ಇಮೇಲನ್ನು ತೆರೆದೂ ನೋಡದಿರಬಹುದು.

ಅಂಥಲ್ಲಿ ನೋಟಿಸ್. ವಕೀಲರೇ ಕಳಿಸಬೇಕೆಂದಿಲ್ಲ. ನಿಮ್ಮ ಲೆಕ್ಕದ ಹಾಳೆ ಲಗತ್ತಿಸಿ, '15 ದಿನದೊಳಗೆ 35,872 ರೂಪಾಯಿ ಕೊಡದಿದ್ದರೆ ಉತ್ತರ ಕನ್ನಡ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಕೊಡುತ್ತೇನೆ' ಎಂದು ಬರೆದು ಶಾಖೆಗೂ ಮುಖ್ಯ ಕಚೇರಿಗೂ ಸ್ಪೀಡ್ ಪೋಸ್ಟ್ ಮಾಡಿ. ಟ್ಯುಟೋರಿಯಲ್‌ಗಳು ಕರ್ನಾಟಕ ಶಿಕ್ಷಣ ಕಾಯ್ದೆಯಡಿ ನೋಂದಣಿಯಾಗಿರಬೇಕು. ನಮ್ಮ ಜಿಲ್ಲೆಯಲ್ಲಿ ಕಾರವಾರ, ಶಿರಸಿ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳಿವೆ, ಶಿಕ್ಷಣ ಇಲಾಖೆಯ ಸಂಬಂಧಪಟ್ಟ ಉಪನಿರ್ದೇಶಕರ ಕಚೇರಿಯಲ್ಲಿ ಆ ಸಂಸ್ಥೆಯ ನೋಂದಣಿ ಇದೆಯೇ ಎಂದು ವಿಚಾರಿಸಿ. ಇಲ್ಲವೆಂದಾದರೆ ನೋಟಿಸಿನಲ್ಲಿ ಆ ಒಂದು ಸಾಲು ಸೇರಿಸಿ. ಮಾತುಕತೆಗೆ ಕರೆ ಬರುವುದು ಹೆಚ್ಚಾಗಿ ಆ ಸಾಲಿನಿಂದಲೇ.

ಈ ಹಂತದಲ್ಲಿ ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟು 'ಕಳ್ಳರು' ಎಂದು ಬರೆಯುವ ಆಸೆ ಬರುತ್ತದೆ. ಬೇಡ. ಹಣದ ವಿವಾದ ಮಾನಹಾನಿಯ ವಿವಾದವಾಗಿ ತಿರುಗುತ್ತದೆ.

ಕಾರವಾರದ ಆಯೋಗಕ್ಕೆ ದೂರು

ಮಾತುಕತೆ ಮುರಿದರೆ ದೂರು. ಅವಧಿ 2 ವರ್ಷ, ಹಣ ನಿರಾಕರಿಸಿದ ದಿನದಿಂದ ಎಂದು ವಾದಿಸಬಹುದಾದರೂ ಕ್ಲಾಸು ಬಿಟ್ಟ ದಿನದಿಂದಲೇ ಎಣಿಸಿಕೊಳ್ಳುವುದು ಕ್ಷೇಮ. ಕೊಟ್ಟ ಫೀ 5 ಲಕ್ಷದ ಒಳಗಿದ್ದರೆ ಆಯೋಗದ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಶಿರಸಿ, ಹಳಿಯಾಳ, ಮುಂಡಗೋಡದವರಿಗೆ ಕಾರವಾರ ದೂರ. ಆದ್ದರಿಂದ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಿ, ಹಿಂದಿನ ಇ-ದಾಖಿಲ್ 2025ರ ಜನವರಿಯಿಂದ ಇದರಲ್ಲಿ ಸೇರಿದೆ. ವಿಡಿಯೊ ಮೂಲಕ ಹಾಜರಾಗಲು ಅನುಮತಿ ಕೇಳಲು ಕಾಯ್ದೆಯಲ್ಲೇ ಅವಕಾಶವಿದೆ.

ಕಡತದಲ್ಲಿ ಇರಬೇಕಾದದ್ದು ಇಷ್ಟು: ದಿನಾಂಕಗಳ ಪಟ್ಟಿ, ದೂರು, ನೋಟರಿ ಮುಂದೆ ಮಾಡಿಸಿದ ಪ್ರಮಾಣಪತ್ರ (ಅಫಿಡವಿಟ್), ರಸೀದಿ, ಬ್ಯಾಂಕ್ ಪಾಸ್‌ಬುಕ್‌ನ ಆ ಪುಟ, ಕರಪತ್ರ, ಬಿಡುವ ಪತ್ರ, ನೋಟಿಸ್, ಅಂಚೆ ದಾಖಲೆ, ವೈದ್ಯಕೀಯ ಅಥವಾ ವರ್ಗಾವಣೆ ಕಾಗದ, ಲೆಕ್ಕದ ಹಾಳೆ, ಗುರುತಿನ ಚೀಟಿ. ವಾಟ್ಸಾಪ್ ಮುದ್ರಣಗಳಿಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಸೇರಿಸಿ. ಗ್ರಾಹಕ ಆಯೋಗ ಅದರ ಬಗ್ಗೆ ಅಷ್ಟು ಬಿಗಿಯಾಗಿರದಿದ್ದರೂ ಎದುರಾಳಿ ವಕೀಲರಿಗೆ ಒಂದು ತಕರಾರು ಕಡಿಮೆಯಾಗುತ್ತದೆ. ಹಣ ಕಟ್ಟಿದ ಪೋಷಕರು, ಕಲಿತ ವಿದ್ಯಾರ್ಥಿ ಇಬ್ಬರೂ ದೂರುದಾರರಾಗಲಿ. ಫ್ರಾಂಚೈಸಿ ಮತ್ತು ಮುಖ್ಯ ಕಂಪನಿ ಇಬ್ಬರೂ ಎದುರುದಾರರಾಗಲಿ.

ಪದ ಆರಿಸುವಾಗ ಎಚ್ಚರ. ದೂರಿನಲ್ಲಿ 'ಸೇವಾ ನ್ಯೂನತೆ', 'ಅನುಚಿತ ವ್ಯಾಪಾರ ಪದ್ಧತಿ' ಎಂದು ಬರೆಯಿರಿ. 'ಅನುಚಿತ ಕರಾರು' ಎಂಬುದನ್ನೇ ಮುಖ್ಯ ಆರೋಪ ಮಾಡಬೇಡಿ. ಅಂಥ ದೂರು ಕೇಳುವ ಅಧಿಕಾರವನ್ನು ಕಾಯ್ದೆ ಕೊಟ್ಟಿರುವುದು ರಾಜ್ಯ ಆಯೋಗಕ್ಕೆ, ಅದು ಇರುವುದು ಬೆಂಗಳೂರಿನಲ್ಲಿ. ಒಂದು ಪದದ ಆಸೆಗೆ ದೂರು ಕಾರವಾರದಿಂದ ವಾಪಸ್ ಬರಬಾರದು. ಕೇಳುವುದೂ ಹದವಾಗಿರಲಿ: ಉಳಿಕೆ ಫೀ, ನೋಟಿಸ್ ದಿನದಿಂದ ಬಡ್ಡಿ, ಸಣ್ಣ ಪರಿಹಾರ, ಖರ್ಚು. 36,000ದ ಪ್ರಕರಣಕ್ಕೆ 5 ಲಕ್ಷ ಮಾನಸಿಕ ಹಿಂಸೆ ಎಂದು ಬರೆದರೆ ಓದುವವರು ನಗುತ್ತಾರೆ.

ಎದುರುದಾರರಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15. ಅದರಾಚೆ ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. 46ನೇ ದಿನ ಉತ್ತರ ತಂದರೆ ಆಕ್ಷೇಪಿಸಿ. ಮಧ್ಯಸ್ಥಿಕೆಗೆ ಹೋಗೋಣವೇ ಎಂದು ಆಯೋಗ ಕೇಳಿದರೆ ಇಂಥ ಪ್ರಕರಣಗಳಲ್ಲಿ ಹೂಂ ಎನ್ನುವುದೇ ಒಳ್ಳೆಯದು. ಮೂರು ತಿಂಗಳಲ್ಲಿ ತೀರ್ಪು ಎಂದು ಕಾಯ್ದೆಯಲ್ಲಿದೆ, ಅದನ್ನು ನಂಬಿ ಮುಂದಿನ ವರ್ಷದ ಫೀಗೆ ಆ ಹಣವನ್ನು ಲೆಕ್ಕ ಹಾಕಿಕೊಳ್ಳಬೇಡಿ.

ಡ್ರೈವಿಂಗ್ ಸ್ಕೂಲ್, ಜಿಮ್, ಅಕ್ಕೋರ ಮನೆಯ ಪಾಠ

ಡ್ರೈವಿಂಗ್ ಸ್ಕೂಲಿನಲ್ಲಿ ನಿಮ್ಮ ಪರ ಇರುವ ಸಾಕ್ಷಿ ಅವರದೇ ಪುಸ್ತಕ. ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಪ್ರತಿ ಅಭ್ಯರ್ಥಿ ಎಷ್ಟು ಗಂಟೆ ಓಡಿಸಿದ ಎಂಬುದನ್ನು ನಮೂನೆ 15ರಲ್ಲಿ ಬರೆದಿಡಬೇಕು. ಅದರ ಪ್ರತಿ ಕೇಳಿ. ನೀವು 6 ದಿನ ಹೋಗಿ ಬಿಟ್ಟಿದ್ದು ಅಲ್ಲಿ 20 ದಿನದ ಸಹಿ ಇದ್ದರೆ ಅದು ನಿಮಗಿಂತ ಅವರಿಗೆ ದೊಡ್ಡ ತಲೆನೋವು. ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಮಾಡಿಸಿದ ಸರ್ಕಾರಿ ಶುಲ್ಕ ಮಾತ್ರ ವಾಪಸ್ ಬರುವುದಿಲ್ಲ.

ಜಿಮ್, ಈಜು, ನೃತ್ಯದ ಕಡೆಯವರು ಹಣದ ಬದಲು 'ಫ್ರೀಜ್' ಮಾಡಿಕೊಡುತ್ತೇವೆ ಎನ್ನುತ್ತಾರೆ. ಕಾಲು ಮುರಿದು ಮೂರು ತಿಂಗಳಲ್ಲಿ ಮರಳುವವರಿಗೆ ಇದೇ ಲೇಸು. ಎಲ್ಲಿಂದ ಎಲ್ಲಿಯವರೆಗೆ ಎಂದು ದಿನಾಂಕ ಬರೆಸಿಕೊಳ್ಳಿ. ಊರು ಬಿಡುವವರಿಗೆ ಫ್ರೀಜ್‌ನಿಂದ ಏನೂ ಉಪಯೋಗವಿಲ್ಲ. ಉಳಿದ ತಿಂಗಳನ್ನು ಪರಿಚಯದವರ ಹೆಸರಿಗೆ ವರ್ಗಾಯಿಸಲು ಕೇಳಿ, ಕೈಯಿಂದ ಹಣ ಕೊಡಬೇಕಾಗಿಲ್ಲದ ಕಾರಣ ಬೇಗ ಒಪ್ಪುತ್ತಾರೆ.

ಮನೆಯಲ್ಲೇ ಸಂಗೀತ ಹೇಳಿಕೊಡುವ ಅಕ್ಕೋರು, ರಜೆಯಲ್ಲಿ ಯಕ್ಷಗಾನದ ಹೆಜ್ಜೆ ಕಲಿಸುವ ಮಾಸ್ತರು, ಇವರ ಮೇಲೂ ಕಾನೂನಿನ ಪ್ರಕಾರ ನೋಟಿಸ್ ಕಳಿಸಬಹುದು. ಆದರೆ ಒಂದು ಸಾವಿರದ ಉಳಿಕೆಗೆ ಸ್ಪೀಡ್ ಪೋಸ್ಟ್ ಮಾಡುವ ಊರು ನಮ್ಮದಲ್ಲ. ಹೋಗಿ ಹೇಳಿ, "ಅಕ್ಕೋರೇ, ಈ ತಿಂಗಳಿಂದ ಬರೂಕಾಗುದಿಲ್ಲ, ಉಳಿದದ್ದನ್ನು ತಂಗಿಯ ಪಾಠಕ್ಕೆ ಹಿಡೀರಿ" ಎಂದರೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ.

ಹಣ ಕೊಡುವ ದಿನ

ಸಂಸ್ಥೆ ಒಪ್ಪಿದರೆ ಒಂದು ಕಾಗದ ಮುಂದಿಡುತ್ತದೆ: 'ಪೂರ್ಣ ಮತ್ತು ಅಂತಿಮ, ಇನ್ನು ಯಾವ ತಕರಾರೂ ಇಲ್ಲ.' ಹಣ ಖಾತೆಗೆ ಬೀಳುವ ಮೊದಲು ಸಹಿ ಹಾಕಬೇಡಿ. ಮುಂದಿನ ತಾರೀಖಿನ ಚೆಕ್ ಕೊಟ್ಟರೆ 'ಚೆಕ್ ನಗದಾದ ಮೇಲೆ ಮಾತ್ರ ಈ ಒಪ್ಪಿಗೆ ಜಾರಿ' ಎಂದು ಕೈಯಲ್ಲಿ ಬರೆದು ಸಹಿ ಹಾಕಿ. ಮೂಲ ರಸೀದಿ ಕೇಳಿದರೆ ಜೆರಾಕ್ಸ್ ಕೊಡಿ, ಮೂಲವನ್ನು ಹಣ ಬಂದ ದಿನ ಕೊಡುತ್ತೇನೆನ್ನಿ. ಭಾಗಶಃ ಹಣ ಹಾಕಿದರೆ ಅದನ್ನು ತಿರಸ್ಕರಿಸಬೇಡಿ, 'ಉಳಿದ ಮೊತ್ತದ ಹಕ್ಕು ಕಾಯ್ದಿರಿಸಿ ಸ್ವೀಕರಿಸಿದ್ದೇನೆ' ಎಂದು ಅದೇ ದಿನ ಇಮೇಲ್ ಮಾಡಿ.

ಆಯೋಗದ ಆದೇಶವಾದರೆ ಮೇಲ್ಮನವಿಗೆ ಅವರಿಗೆ 45 ದಿನ. ಮೇಲ್ಮನವಿ ಹಾಕಬೇಕಾದರೆ ಆದೇಶದ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಆ ಅವಧಿ ಕಳೆದೂ ಹಣ ಬರದಿದ್ದರೆ ಅದೇ ಆಯೋಗದಲ್ಲಿ ಕಲಂ 71ರಡಿ ಜಾರಿ ಅರ್ಜಿ, ಜೊತೆಗೆ ಕಲಂ 72ರಡಿ ಅರ್ಜಿ. ಎರಡನೆಯದರಲ್ಲಿ ಶಿಕ್ಷೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000ಕ್ಕೆ ಕಡಿಮೆಯಿಲ್ಲದೆ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಆ ಅರ್ಜಿಯ ನೋಟಿಸ್ ಸಂಸ್ಥೆಯ ಹೆಸರಿಗೆ ಮಾತ್ರವಲ್ಲ, ಮಾಲೀಕರ ಅಥವಾ ನಿರ್ದೇಶಕರ ಹೆಸರಿಗೂ ಹೋಗುವಂತೆ ನೋಡಿಕೊಳ್ಳಿ. ಜಿಎಸ್‌ಟಿ ಪೋರ್ಟಲ್‌ನಿಂದ ಮೊದಲೇ ತೆಗೆದಿಟ್ಟ ಕಾನೂನುಬದ್ಧ ಹೆಸರು ಬೇಕಾಗುವುದು ಆಗಲೇ.